ಕೊನೆಯ ರೀಲಿನಲ್ಲಿ ಗಾಜು ಹಾಕಬಾರದು

ನಮ್ಮ ಟೋರ್ವಿಕ್ ಊರು ಹುಟ್ಟಿ ನೂರ ಇಪ್ಪತ್ತೈದು ವರ್ಷವಾಯಿತೆಂದು ಹೋದ ಬೇಸಿಗೆಯಲ್ಲಿ ಒಂದು ದಪ್ಪ ಪುಸ್ತಕ ಅಚ್ಚಾಯಿತು. ಉತ್ತರ ಡಕೋಟಾದಲ್ಲಿ ಎರಡು ಬೀದಿ, ಒಂದು ಚರ್ಚು ಇರುವ ಊರಿಗೂ ಇಂಥದೊಂದು ಪುಸ್ತಕ ಇದ್ದೇ ಇರುತ್ತದೆ. ಅದರಲ್ಲಿ ಎಲ್ಲರ ಅಜ್ಜಂದಿರೂ ಬೆವರು ಸುರಿಸಿದವರು, ಎಲ್ಲರ ಅಜ್ಜಿಯರೂ ಕೈಗುಣದವರು, ಕುಡುಕ ಮಾತ್ರ ಒಬ್ಬನೂ ಇಲ್ಲ. ಆರೋರಾ ಟಾಕೀಸಿನ ಚರಿತ್ರೆಗೆ ಮೂರು ಪುಟ ಕೊಟ್ಟಿದ್ದಾರೆ. ಬರೆದವಳು ನಾನು, ಆರ್ಡಿಸ್ ಹೆಗ್ಲಂಡ್, ವಯಸ್ಸು ಎಪ್ಪತ್ತೊಂಬತ್ತು. ಅದರಲ್ಲಿ ಒಂದು ಸುಳ್ಳೂ ಇಲ್ಲ. ಸುಳ್ಳು ಹೇಳದೆಯೇ ಊರಿಗೆಲ್ಲ ಮಂಕುಬೂದಿ ಎರಚುವುದು ನನಗೆ ಹತ್ತೊಂಬತ್ತನೇ ವಯಸ್ಸಿಗೇ ಬರುತ್ತಿತ್ತು.

ಆ ಮೂರು ಪುಟ ಬರೆಯುವ ಮೊದಲು ಒಬ್ಬ ಮನುಷ್ಯನಿಗೆ ನಾನು ಒಂದು ಮಾತು ಹೇಳಬೇಕಿತ್ತು. ಅರವತ್ತು ವರ್ಷದಿಂದ ಹೇಳಬೇಕಿತ್ತು. ಅವನ ಹೆಸರು ಓರಿನ್ ಬ್ರೆಕ್ಕೆ. ಊರೆಲ್ಲ ಅವನನ್ನು ಅಣ್ಣನನ್ನು ಕೊಂದವನ ಹಾಗೆ ನೋಡಿತು. ಹಾಗಲ್ಲವೆಂದು ಗೊತ್ತಿದ್ದವರಲ್ಲಿ ಕೊನೆಗೆ ಊರಲ್ಲಿ ಉಳಿದವಳು ನಾನೊಬ್ಬಳೇ. ನಾನು ಬಾಯಿ ಬಿಡಲಿಲ್ಲ.

ಮೊದಲು ಟಾಕೀಸಿನ ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ಅಪ್ಪ ಅದನ್ನು 1927ರಲ್ಲಿ ಕಟ್ಟಿಸಿದ. ಆಗ ಮಾತಿಲ್ಲದ ಚಿತ್ರಗಳ ಕಾಲ, ಅಮ್ಮ ಪರದೆಯ ಪಕ್ಕದಲ್ಲಿ ಕೂತು ಪಿಯಾನೊ ನುಡಿಸುತ್ತಿದ್ದಳು. ಮೂರು ವರ್ಷಕ್ಕೆ ಚಿತ್ರಕ್ಕೆ ಮಾತು ಬಂತು, ಅಮ್ಮನ ಕೆಲಸ ಹೋಯಿತು. ಆಮೇಲೆ ಪಾಪ್‌ಕಾರ್ನ್ ಯಂತ್ರದ ಹಿಂದೆ ನಿಂತಳು. ಸಾಯುವ ತನಕ ಅವಳು ಮಾತಾಡುವ ಚಿತ್ರವನ್ನು ಕ್ಷಮಿಸಲಿಲ್ಲ. ಆಮೇಲೆ ಬರ ಬಿದ್ದು ಹೊಲವೆಲ್ಲ ದೂಳಾಗಿ ಹಾರಿದ ವರ್ಷಗಳಲ್ಲಿ, ಜನರ ಕೈಯಲ್ಲಿ ಏನೂ ಇಲ್ಲದಾಗ, ಬುಧವಾರ ಬಂದವರಿಗೆಲ್ಲ ಒಂದೊಂದು ಪಿಂಗಾಣಿ ತಟ್ಟೆ ಕೊಡುತ್ತಿದ್ದರು. ಕತ್ತಲಲ್ಲಿ ಯಾರದಾದರೂ ತೊಡೆಯಿಂದ ತಟ್ಟೆ ಜಾರಿ ಫಳಾರೆಂದು ಒಡೆದರೆ ಇಡೀ ಟಾಕೀಸು ಚಪ್ಪಾಳೆ ತಟ್ಟುತ್ತಿತ್ತು. ಇದನ್ನೆಲ್ಲ ಪುಸ್ತಕದಲ್ಲಿ ಬರೆದಿದ್ದೇನೆ. ಜನಕ್ಕೆ ಬೇಕಾದದ್ದು ಇಂಥವೇ.

ಗಾಜಿನ ವಿಷಯವನ್ನೂ ಬರೆದಿದ್ದೇನೆ. ಆಗ ಎಲ್ಲರ ಮನೆಯಲ್ಲಿ ಫೋನಿರಲಿಲ್ಲ, ಟಾಕೀಸಿನ ಟಿಕೆಟ್ ಕಿಟಕಿಯ ಒಳಗಡೆ ಒಂದಿತ್ತು. ಶನಿವಾರ ಮಧ್ಯಾಹ್ನ ಸುತ್ತಲ ಹೊಲಗಳವರೆಲ್ಲ ಊರಿಗೆ ಬಂದು ಆರೋರಾದಲ್ಲಿ ಕೂತಿರುತ್ತಿದ್ದರು. ಯಾರನ್ನಾದರೂ ತುರ್ತಾಗಿ ಕರೆಯಬೇಕಾದರೆ ಫೋನ್ ನಮಗೆ ಬರುತ್ತಿತ್ತು. ನಾನು ಅಂಗೈಯಗಲದ ಗಾಜಿನ ತುಂಡಿಗೆ ದೀಪದ ಮಸಿ ಹಿಡಿಸಿ, ಮೊಳೆಯಿಂದ ಅಕ್ಷರ ಕೆರೆದು, ಮೆಟ್ಟಿಲು ಹತ್ತಿ ಅಪ್ಪನಿಗೆ ಕೊಡುತ್ತಿದ್ದೆ. ಅಪ್ಪ ಅದನ್ನು ಪಕ್ಕದ ಚಿಕ್ಕ ಯಂತ್ರದಲ್ಲಿಟ್ಟರೆ ಪರದೆಯ ಕೆಳತುದಿಯಲ್ಲಿ ಬೆಳ್ಳಗೆ ಅಕ್ಷರ ಮೂಡುತ್ತಿತ್ತು. ‘ಗಿಲ್ಬರ್ಟ್ ಲೀ, ಮನೆಗೆ ಹೋಗು.’ ಗಿಲ್ಬರ್ಟ್ ಎದ್ದು ಬಗ್ಗಿಕೊಂಡು ಹೋಗುತ್ತಿದ್ದ, ಜನ ಅವನ ಹೆಂಡತಿಯ ಹೆಸರು ಹಿಡಿದು ಗೇಲಿ ಮಾಡುತ್ತಿದ್ದರು.

ಗಾಜಿಗೆ ಅಪ್ಪನದು ಎರಡು ಕಟ್ಟಳೆ. ಒಂದು, ಕಾರಣ ಬರೆಯಬಾರದು. ನಾನು ಹುಟ್ಟುವ ಮೊದಲು ಯಾರೋ ‘ನೀಲ್ಸನ್ನರ ಕೊಟ್ಟಿಗೆಗೆ ಬೆಂಕಿ’ ಎಂದು ಬರೆದರಂತೆ. ಜನಕ್ಕೆ ಕಂಡದ್ದು ‘ಬೆಂಕಿ’ ಮಾತ್ರ. ಬಾಗಿಲಲ್ಲಿ ನೂಕುನುಗ್ಗಲಾಗಿ ಒಬ್ಬ ಬಸುರಿ ಹೆಂಗಸಿನ ಸೊಂಟ ಮುರಿಯಿತು. ಅಂದಿನಿಂದ ಹೆಸರು, ಹೋಗಬೇಕಾದ ಜಾಗ, ಅಷ್ಟೇ. ದನ ಬೇಲಿ ಹಾರಿದರೂ ಅದೇ, ತಾಯಿ ಸತ್ತರೂ ಅದೇ. ಎರಡನೆಯದು, ಕೊನೆಯ ರೀಲಿನಲ್ಲಿ ಗಾಜು ಹಾಕಬಾರದು.

“ಬೆಂಕಿಗೆ ಸೈರನ್ ಇದೆ, ಹೆರಿಗೆಗೆ ಡಾಕ್ಟ್ರಿದ್ದಾರೆ. ಮಿಕ್ಕಿದ್ದೆಲ್ಲ ಇಪ್ಪತ್ತು ನಿಮಿಷ ಕಾಯತ್ತೆ” ಅನ್ನುತ್ತಿದ್ದ ಅಪ್ಪ. “ವಾರವೆಲ್ಲ ಸಗಣಿ ಬಾಚಿದೋನು ಅಳೋಕೆ ಅಂತ ಬಂದಿರ್ತಾನೆ. ಅಳೋ ಹೊತ್ತಿಗೆ ಅವನ ಮುಖಕ್ಕೆ ಗಿಲ್ಬರ್ಟ್ ಲೀ ಹೆಸರು ತಂದು ಹಿಡಿದ್ರೆ ಏನು ಚೆಂದ?”

ಅಪ್ಪ ಕೆಟ್ಟವನಲ್ಲ. ಇದನ್ನು ಈಗಲೇ ಹೇಳಿಬಿಡಬೇಕು, ಮುಂದೆ ಓದುವಾಗ ನೀವು ಎಲ್ಲವನ್ನೂ ಅವನ ತಲೆಗೆ ಕಟ್ಟುತ್ತೀರಿ. ನಾನೂ ಬಹಳ ವರ್ಷ ಹಾಗೆ ಕಟ್ಟಿ ಹಾಯಾಗಿದ್ದೆ.

1953ರ ಅಕ್ಟೋಬರಿನ ಒಂದು ಶನಿವಾರ. ಕಟಾವು ಮುಗಿದಿತ್ತು, ಎರಡು ಗಂಟೆಯ ಆಟಕ್ಕೆ ಟಾಕೀಸು ತುಂಬಿತ್ತು. ರೈಲುಹಳಿಯ ಪಕ್ಕದ ದೊಡ್ಡ ಗೋಧಿ ಕಣಜವನ್ನು ಬ್ರೆಕ್ಕೆ ಅಣ್ಣತಮ್ಮಂದಿರು ನೋಡಿಕೊಳ್ಳುತ್ತಿದ್ದರು. ದೊಡ್ಡವನು ಸೆಲ್ಮರ್, ಅವನಿಗೆ ಹೆಂಡತಿ ಹೇಜಲ್, ಎರಡು ಮಕ್ಕಳು. ಚಿಕ್ಕವನು ಓರಿನ್, ಇಪ್ಪತ್ತಮೂರರವನು, ಲಾವೋನ್ ಎಂಬ ಹುಡುಗಿಯ ಜೊತೆ ನಿಶ್ಚಯವಾಗಿತ್ತು. ಅವತ್ತು ಸೆಲ್ಮರನೇ, “ಹೋಗೋ, ಅವಳನ್ನ ಕರ್ಕೊಂಡು ಸಿನಿಮಾ ನೋಡ್ಕೊಂಡು ಬಾ, ಇಲ್ಲಿ ನಾನಿದ್ದೀನಿ” ಎಂದು ತಮ್ಮನನ್ನು ಕಳಿಸಿದ್ದ.

ಮೂರು ಇಪ್ಪತ್ತನಾಲ್ಕಕ್ಕೆ ಫೋನ್ ಬಂತು. ಕಿಟಕಿಯ ಮೇಲೆ ಗಡಿಯಾರವಿತ್ತು, ನಾನು ನೋಡಿದೆ. ಫೋನ್ ಕಚೇರಿಯ ಟಿಲ್ಡಾ ಮಾತಾಡಿದಳು.

“ಆರ್ಡಿಸ್, ಸೆಲ್ಮರ್ ಗೋಧೀಲಿ ಸಿಕ್ಕೊಂಡಿದ್ದಾನಂತೆ ಕಣೇ. ಕಣಜದಿಂದ ಗುಸ್ತಾವ್ ಫೋನ್ ಮಾಡಿದ್ದ. ಓರಿನ್‌ನ ಕಳ್ಸು, ಸಿಕ್ಕಿದ ಗಂಡಸ್ರನ್ನೆಲ್ಲ ಕಳ್ಸು. ಸಲಿಕೆ ತರ್ಬೇಕಂತೆ.”

ಕಣಜದ ಕೆಳಗಿನಿಂದ ಗೋಧಿ ಬಿಡುವಾಗ ಮೇಲೆ ನಿಂತವನ ಕಾಲನ್ನು ಅದು ಒಳಕ್ಕೆ ಎಳೆದುಕೊಳ್ಳುವುದುಂಟು. ಆ ಜುಲೈನಲ್ಲೇ ಸೆಲ್ಮರ್ ಸೊಂಟದ ತನಕ ಹೂತುಹೋಗಿದ್ದ, ಎಳೆದು ತೆಗೆದರು, ಸಂಜೆ ಅದನ್ನೇ ಹೇಳಿಕೊಂಡು ಬಿಯರ್ ಕುಡಿದ. ನನ್ನ ತಲೆಯಲ್ಲಿದ್ದದ್ದು ಅದು. ಗಾಜು ಕೆರೆದೆ: ‘ಓರಿನ್ ಬ್ರೆಕ್ಕೆ, ಕಣಜಕ್ಕೆ ಹೋಗು.’ ಮೆಟ್ಟಿಲು ಹತ್ತಿದೆ. ಅಪ್ಪ ಕೊನೆಯ ರೀಲು ಹಾಕಿ ಎರಡು ನಿಮಿಷವಾಗಿತ್ತು.

“ಅಪ್ಪ, ಒಂದು ಗಾಜಿದೆ.”

“ಕೊನೇ ರೀಲು.”

“ಸೆಲ್ಮರ್ ಗೋಧೀಲಿ ಸಿಕ್ಕೊಂಡಿದ್ದಾನಂತೆ. ಓರಿನ್ ಬೇಕಂತೆ.”

“ಜುಲೈಲೂ ಸಿಕ್ಕೊಂಡಿದ್ದ” ಎಂದ ಅಪ್ಪ, ಯಂತ್ರದಿಂದ ಕಣ್ಣು ತೆಗೆಯದೆ. “ಸಿಕ್ಕೊಂಡೋನು ಎಲ್ಲಿಗೂ ಓಡಿಹೋಗಲ್ಲ. ಮುಗೀಲಿ ತಡಿ.”

ಸಿಕ್ಕಿದ ಗಂಡಸರನ್ನೆಲ್ಲ ಕಳಿಸಬೇಕಂತೆ ಎಂದು ನಾನು ಹೇಳಲಿಲ್ಲ. ಸಲಿಕೆಯ ಮಾತು ಎತ್ತಲಿಲ್ಲ. ಹಟ ಹಿಡಿದಿದ್ದರೆ ಅಪ್ಪ ಗೊಣಗಿಕೊಂಡು ಗಾಜು ಹಾಕುತ್ತಿದ್ದ, ಅದು ನನಗೆ ಗೊತ್ತಿತ್ತು. ಆದರೆ ಗೋಡೆಯಲ್ಲಿ ಒಂದು ಚಿಕ್ಕ ಕಿಂಡಿ ಇತ್ತು, ಅದರಿಂದ ಪರದೆ ಕಾಣುತ್ತಿತ್ತು. ಕಥೆ ಒಳ್ಳೆಯ ಘಟ್ಟಕ್ಕೆ ಬಂದಿತ್ತು. ವಾರವೆಲ್ಲ ಟಿಕೆಟ್ ಹರಿಯುವ ನನಗೆ ಯಾವ ಚಿತ್ರದ ಕೊನೆಯೂ ಪೂರ್ತಿ ಸಿಕ್ಕುತ್ತಿರಲಿಲ್ಲ. ನಾನು ಗಾಜನ್ನು ಕೈಯಲ್ಲಿ ಹಿಡಿದುಕೊಂಡು ಕಿಂಡಿಗೆ ಮುಖ ಹಚ್ಚಿ ನಿಂತೆ.

ಸ್ವಲ್ಪ ಹೊತ್ತಿಗೆ ಮನಸ್ಸು ತಡೆಯದೆ ಕೆಳಗಿಳಿದೆ. ಫೋನ್ ಬಡಿದುಕೊಳ್ಳುತ್ತಿತ್ತು. ಎಷ್ಟು ಹೊತ್ತಿನಿಂದ ಬಡಿದುಕೊಳ್ಳುತ್ತಿತ್ತೋ, ಯಂತ್ರದ ಸದ್ದಿನಲ್ಲಿ ಮೇಲಕ್ಕೆ ಕೇಳುವಂತಿರಲಿಲ್ಲ. ಗಡಿಯಾರದಲ್ಲಿ ಮೂರು ಮೂವತ್ತೈದು.

“ಎಲ್ಲಿ ಸತ್ತಿದ್ದೆ?” ಎಂದಳು ಟಿಲ್ಡಾ. ಅವಳು ಅಳುತ್ತಿದ್ದಳು. “ತಲೆ ಕಾಣ್ತಿಲ್ವಂತೆ ಆರ್ಡಿಸ್. ಇಷ್ಟೊತ್ತು ಮಾತಾಡ್ತಿದ್ದನಂತೆ, ಈಗ ತಲೆ ಕಾಣ್ತಿಲ್ವಂತೆ.”

ನಾನು ಓಡಿದೆ. ಅಪ್ಪನನ್ನು ಕೇಳದೆ ಗಾಜನ್ನು ಯಂತ್ರಕ್ಕೆ ತುರುಕಿದೆ. ಕೆಳಗೆ ಹೋಗಿ ದೀಪ ಹಾಕಿ, ಎಲ್ಲರೂ ಏಳಿ ಎಂದು ಕೂಗಬಹುದಿತ್ತು. ಅದು ನನಗೆ ಹೊಳೆಯಲೇ ಇಲ್ಲ. ಗಾಜು ಕೆರೆಯುವುದು, ಯಂತ್ರದಲ್ಲಿಡುವುದು, ಇಷ್ಟೇ ಕಲಿತವಳು ನಾನು. ಪರದೆಯ ಕೆಳಗೆ ಹೆಸರು ಮೂಡಿತು. ಕಾರಣ ಇರಲಿಲ್ಲ.

ಓರಿನ್ ಏಳಲಿಲ್ಲ. ಪಕ್ಕದಲ್ಲಿ ಕೂತಿದ್ದ ಲಾವೋನ್ ಮೊಣಕೈಯಿಂದ ತಿವಿದಳಂತೆ. “ಯಾವುದೋ ಗೋಧಿ ಲಾರಿ ಬಂದಿರ್ಬೇಕು. ಐದು ನಿಮಿಷ ಕಾಯ್ಲಿ ಬಿಡು” ಎಂದನಂತೆ. ಹಿಂದಿನ ಸಾಲಿನವರು ಕೇಳಿಸಿಕೊಂಡರು. ಚಿತ್ರ ಮುಗಿಯುವ ತನಕ, ಐದು ನಿಮಿಷ, ಅವನು ಕೂತಿದ್ದ. ಇನ್ನೂರು ಜನ ಅವನ ಹೆಸರನ್ನೂ ನೋಡಿದರು, ಅವನು ಕೂತಿದ್ದನ್ನೂ ನೋಡಿದರು. ಅವರೂ ಏಳಲಿಲ್ಲ, ಅವರ ಹೆಸರು ಪರದೆಯ ಮೇಲಿರಲಿಲ್ಲವಲ್ಲ.

ದೀಪ ಹತ್ತಿದ ಮೇಲೆ ಗೊತ್ತಾಯಿತು, ಎಲ್ಲರೂ ಓಡಿದರು. ಕಣಜದಲ್ಲಿ ಇದ್ದದ್ದು ಮೂರೇ ಜನ, ಸೈರನ್ನಿನ ಬೀಗದ ಕೈ ಇದ್ದವನೂ ಆರೋರಾದಲ್ಲೇ ಕೂತಿದ್ದ. ಮರದ ಗೋಡೆ ಕೊಯ್ದು ಗೋಧಿ ಹೊರಗೆ ಹರಿಸಿ ಸೆಲ್ಮರನನ್ನು ತೆಗೆಯುವ ಹೊತ್ತಿಗೆ ಐದು ಗಂಟೆ ದಾಟಿತ್ತು. ಅವನ ಬಾಯಿ ತುಂಬ ಗೋಧಿ. ಆ ಬಾಯಿಯನ್ನು ಬೆರಳು ಹಾಕಿ ತೆರವು ಮಾಡಿದವನು ಓರಿನ್.

ಗುಸ್ತಾವ್ ಎಲ್ಲರಿಗೂ ಹೇಳಿದ, “ಹತ್ತು ನಿಮಿಷ ತಲೆ ಮೇಲಿತ್ತು, ನನ್ನ ಜೊತೆ ಮಾತಾಡ್ದ, ತಮ್ಮ ಬರ್ತಾನೆ ತಮ್ಮ ಬರ್ತಾನೆ ಅಂತಿದ್ದ. ಕರೆದ್ವಿ, ಕರೆದ್ವಿ, ಯಾರೂ ಬರ್ಲಿಲ್ಲ.” ಗಾಬರಿಯಲ್ಲಿದ್ದವನು ಗಡಿಯಾರ ನೋಡಿರಲಿಲ್ಲ. ಊರು ತನಗೆ ತಿಳಿದ ಲೆಕ್ಕ ಮಾಡಿತು. ಅಣ್ಣ ಗೋಧಿಯಲ್ಲಿ ಮುಳುಗುತ್ತಿದ್ದಾಗ ತಮ್ಮ ಹುಡುಗಿಯ ಪಕ್ಕ ಕೂತು ಸಿನಿಮಾ ನೋಡಿದ.

ಮೂರು ದಿನದ ಮೇಲೆ ವಿಚಾರಣೆಗೆ ಅಧಿಕಾರಿ ಬಂದ. ನಮ್ಮ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿಯುತ್ತ, ಕರೆ ಎಷ್ಟು ಹೊತ್ತಿಗೆ ಬಂತು ಎಂದು ಕೇಳಿದ. ಅಪ್ಪ ನನ್ನ ಕಡೆ ನೋಡಿದ. ಅಮ್ಮ ಒಲೆಯ ಕಡೆ ತಿರುಗಿದಳು.

“ಮೂರು ಮೂವತ್ತೈದಕ್ಕೆ” ಎಂದೆ.

ಆ ಹೊತ್ತಿಗೆ ಒಂದು ಕರೆ ಬಂದದ್ದು ನಿಜ. ಅದು ಮೊದಲನೆಯದೇ ಎಂದು ಅವನು ಕೇಳಲಿಲ್ಲ. ಫೋನ್ ಕಚೇರಿಯ ಹುಡುಗಿಯನ್ನು ಸಾಕ್ಷಿ ಕೇಳುವುದು ಯಾರಿಗೂ ತೋಚಲಿಲ್ಲ. ಮುಂದಿನ ವಸಂತದಲ್ಲಿ ಟಿಲ್ಡಾ ಮದುವೆಯಾಗಿ ಪಶ್ಚಿಮ ತೀರಕ್ಕೆ ಹೋದಳು. ಹೋಗುವ ಮುಂಚೆ ಒಂದು ದಿನ ಬೀದಿಯಲ್ಲಿ ಎದುರಾದಳು, ನನ್ನನ್ನು ನೋಡಿ ರಸ್ತೆ ದಾಟಿ ಆ ಕಡೆ ಹೋದಳು. ಅಪ್ಪ ಗಾಜಿನ ತುಂಡುಗಳನ್ನೆಲ್ಲ ಗೋಣಿಗೆ ಹಾಕಿ ಸುತ್ತಿಗೆಯಿಂದ ಪುಡಿ ಮಾಡಿದ. ಆರೋರಾದಲ್ಲಿ ಮತ್ತೆ ಯಾರ ಹೆಸರೂ ಪರದೆಯ ಮೇಲೆ ಬರಲಿಲ್ಲ. ಸೆಲ್ಮರನಿಗೆ ಮರ್ಯಾದೆ ಮಾಡಿದ ಎಂದು ಜನ ಅಪ್ಪನನ್ನು ಹೊಗಳಿದರು. ಅವನು ಸಾಯುವ ತನಕ ನಾವಿಬ್ಬರೂ ಆ ವಿಷಯ ಎತ್ತಲಿಲ್ಲ.

ಲಾವೋನ್ ಒಂದು ತಿಂಗಳಿಗೆ ಉಂಗುರ ವಾಪಸು ಕೊಟ್ಟಳು. ಹೇಜಲ್ ಚರ್ಚಿನಲ್ಲಿ ಓರಿನ್ ಕೂತ ಕಡೆಗೆ ಬೆನ್ನು ಮಾಡಿ ಕೂತಳು, ನಲವತ್ತೈದು ವರ್ಷ ಹಾಗೇ ಕೂತಳು. ಸೆಲ್ಮರನ ಮಕ್ಕಳು ಚಿಕ್ಕಪ್ಪನಿಗೆ ಮುಖ ಕೊಡದೆ ಬೆಳೆದರು. ಕೆಫೆಯಲ್ಲಿ ಯಾರಾದರೂ ತಡವಾಗಿ ಬಂದರೆ, “ಐದು ನಿಮಿಷ ಕಾಯ್ಲಿ ಬಿಡು” ಎಂದು ಯಾರೋ ಅನ್ನುವರು, ಮಿಕ್ಕವರು ಬಟ್ಟಲೊಳಕ್ಕೆ ನಗುವರು. ಓರಿನ್ ಅಲ್ಲೇ ಮೂಲೆಯಲ್ಲಿರುತ್ತಿದ್ದ. ಊರು ಬಿಡು ಎಂದು ಪಾದ್ರಿಯೇ ಹೇಳಿದರಂತೆ. “ಬಿಟ್ರೆ ಓಡಿಹೋದ ಅಂತಾರೆ” ಎಂದನಂತೆ. ಅದೇ ಕಣಜದಲ್ಲಿ ನಲವತ್ತು ವರ್ಷ ದುಡಿದ.

ಸುಮಾರು ಎರಡು ವರ್ಷವಾದ ಮೇಲೆ ಒಂದು ಶನಿವಾರ ಆಟ ಶುರುವಾಗಿ ಬೀದಿ ಖಾಲಿಯಾದಾಗ ಅವನು ಟಿಕೆಟ್ ಕಿಟಕಿಯ ಹತ್ತಿರ ಬಂದು ನಿಂತ. ಟಿಕೆಟ್ ಕೇಳಲಿಲ್ಲ. ನಾನು ಒಳಗೆ ಕರೆದು ಸ್ಟೂಲು ಕೊಟ್ಟೆ, ಒಂದು ಪೊಟ್ಟಣ ಪಾಪ್‌ಕಾರ್ನ್ ಕೊಟ್ಟೆ. ಕೊನೆಯ ರೀಲಿನ ಸಂಗೀತ ಏರುತ್ತಿದ್ದ ಹಾಗೆ ಎದ್ದುಹೋದ, ಜನ ಹೊರಗೆ ಬರುವ ಮುಂಚೆ. ಮುಂದಿನ ಶನಿವಾರ ಮತ್ತೆ ಬಂದ. ಹೀಗೆ ಐವತ್ತೆಂಟು ವರ್ಷ. ಒಂದು ಸಲವೂ ಪರದೆ ಇರುವ ಕಡೆಗೆ ಕಾಲಿಡಲಿಲ್ಲ.

“ಇವತ್ತು ಯಾರು ಸಾಯ್ತಾರೆ?” ಎಂದು ಕೇಳುತ್ತಿದ್ದ.

“ಕಳ್ಳ.”

“ಒಳ್ಳೇವ್ನು?”

“ಮದ್ವೆ ಆಗ್ತಾನೆ.”

“ಹಾಗಾದ್ರೆ ಇಬ್ರೂ ಹೋದ್ರು ಅನ್ನು.”

ನಮ್ಮಿಬ್ಬರ ಬಗ್ಗೆ ಊರು ಏನೇನೋ ಅಂದಿತು. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು. ನಿಜ ಹೇಳಬೇಕೆಂದರೆ ಅವನು ಒಂದು ಸಲ ಕೇಳಿದ್ದರೆ ನಾನು ಹೂಂ ಅನ್ನುತ್ತಿದ್ದೆ, ಅದಕ್ಕೇ ಅವನು ಕೇಳದಿರಲಿ ಎಂದು ದೇವರಲ್ಲಿ ಬೇಡುತ್ತಿದ್ದೆ. ಆ ಗುಟ್ಟನ್ನು ಒಂದೇ ಸೂರಿನ ಕೆಳಗೆ ಇಟ್ಟುಕೊಂಡು ಬಾಳುವುದು ನನ್ನಿಂದ ಆಗುತ್ತಿರಲಿಲ್ಲ. ಒಂದು ಸಲ, ಅವನಿಗೆ ಐವತ್ತು ತುಂಬಿದ ವಾರ, ಅವನು ಪಾಪ್‌ಕಾರ್ನ್ ಪೊಟ್ಟಣ ಮಡಿಚುತ್ತ ಹೇಳಿದ, “ಈ ಊರಲ್ಲಿ ನನ್ನನ್ನ ಮನುಷ್ಯ ಅಂತ ನೋಡಿದೋಳು ನೀನೊಬ್ಳೇ ಆರ್ಡಿಸ್.” ಅವತ್ತೇ ಹೇಳಿಬಿಡಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಮುಂದಿನ ಶನಿವಾರ ಅವನು ಬರುವುದಿಲ್ಲ ಎಂದು ನುಂಗಿಕೊಂಡೆ.

ಟಿವಿ ಬಂತು, ಜನ ಕಡಿಮೆಯಾದರು. ಅಪ್ಪ ಹೋದ ಮೇಲೆ ಟಾಕೀಸು ನಾನು ನಡೆಸಿದೆ. ವಾರಕ್ಕೆ ಆರು ದಿನವಿದ್ದ ಆಟ ಮೂರಾಯಿತು, ಆಮೇಲೆ ಒಂದಾಯಿತು. ಬಾಯ್ಲರು ಕೆಟ್ಟಾಗ ಜನ ಕಂಬಳಿ ಹೊದ್ದು ಬಂದರು. ಕೊನೆಗೆ, ಇನ್ನು ಮುಂದೆ ರೀಲು ಕಳಿಸುವುದಿಲ್ಲ, ಹೊಸ ಯಂತ್ರ ಹಾಕಿಸಿಕೊಳ್ಳಿ ಎಂದು ಕಾಗದ ಬಂತು. ಶಾಲೆಯಲ್ಲಿ ಸಭೆ ಸೇರಿದ ಊರು ಒಂದು ಗಂಟೆ ಹಳೆಯದನ್ನು ನೆನೆದು ಕಣ್ಣೊರೆಸಿಕೊಂಡು, ಆಮೇಲೆ ಬೇಡ ಎಂದು ಕೈ ಎತ್ತಿತು. ಚೆನ್ನಾಗಿ ಅತ್ತವರೇ ಮೊದಲು ಕೈ ಎತ್ತಿದ್ದು. ಮಾರ್ಚಿನಲ್ಲಿ ಬಾಗಿಲು ಹಾಕಿದೆ. ಕಟ್ಟಡ ಕೆಡವಿ ಆಸ್ಪತ್ರೆಗೆ ಬರುವವರ ಕಾರು ನಿಲ್ಲಿಸಲು ಜಾಗ ಮಾಡುತ್ತಾರಂತೆ.

ಏಪ್ರಿಲಿನಲ್ಲಿ ಪುಸ್ತಕ ಸಮಿತಿಯ ಕೆಂಡ್ರಾ ಮನೆಗೆ ಬಂದಳು. ಶಾಲೆಯಲ್ಲಿ ಪಾಠ ಹೇಳುವ ಹುಡುಗಿ, ಒಳ್ಳೆಯವಳು, ಬರುವಾಗ ಕೇಕು ತಂದಿದ್ದಳು.

“ಆರ್ಡಿಸಜ್ಜಿ, ಆ ಗಾಜಿನ ಕತೆ ಬರೀಲೇಬೇಕು ನೀವು. ಹೆಂಡ್ತೀರು ಗಂಡಂದಿರನ್ನ ಕರೆಸ್ತಿದ್ದದ್ದು. ಎಷ್ಟು ಮಜಾ ಇದೆ.”

“ಯಾವಾಗ ಬೇಕು?”

“ಅಚ್ಚಿನೋರು ಇವತ್ತೇ ಅಂತಾರೆ.” ನಕ್ಕಳು. “ಐದು ನಿಮಿಷ ಕಾಯ್ಲಿ ಬಿಡಿ.”

ನನ್ನ ಕೈಯಲ್ಲಿದ್ದ ಚಾಕು ಕೇಕಿನಲ್ಲೇ ನಿಂತಿತು. “ಆ ಮಾತು ಎಲ್ಲಿಂದ ಬಂತು ಗೊತ್ತಾ ನಿಂಗೆ?”

“ಯಾವ್ದು? ನಮ್ಮಪ್ಪ ಅಂತಿದ್ರು. ಎಲ್ಲಾರೂ ಅಂತಾರಲ್ಲ.”

ಅವಳು ಹೋದ ಮೇಲೆ ಒಂದು ವಾರ ಕಾಗದದ ಮುಂದೆ ಕೂತೆ. ಪುಸ್ತಕದಲ್ಲಿ ನಿಜ ಬರೆದರೆ ಊರಿಗೆಲ್ಲ ತಿಳಿಯುತ್ತದೆ, ಓರಿನ್ ಒಂದು ದಿನವಾದರೂ ತಲೆಯೆತ್ತಿ ನಡೆಯುತ್ತಾನೆ ಅನ್ನಿಸಿತು. ಆದರೆ ಅವನು ಅದನ್ನು ಅಚ್ಚಿನಲ್ಲಿ ಓದಿ ತಿಳಿಯಬಾರದು. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಅವನ ಮನೆಗೆ ನಡೆದೆ.

ಅವನು ಅಡುಗೆಮನೆಯಲ್ಲಿ ಸೂಪಿಗೆ ಆಲೂಗಡ್ಡೆ ಸುಲಿಯುತ್ತಿದ್ದ. ಎಂಬತ್ತಮೂರು ವರ್ಷಕ್ಕೂ ಸಿಪ್ಪೆಯನ್ನು ಒಂದೇ ಉದ್ದಕ್ಕೆ ಸುಲಿಯುತ್ತಾನೆ.

“ಏನಿದು, ಟಾಕೀಸೇ ಎದ್ದು ಮನೆಗೆ ಬಂತಲ್ಲ” ಎಂದ. “ಕೂತ್ಕೋ. ಕಾಫಿ ಇದೆ.”

ಕೂತೆ. ಕಾಫಿ ಮುಟ್ಟಲಿಲ್ಲ. ಸುತ್ತಿ ಬಳಸಿ ಹೇಳಿದರೆ ಹೇಳದೆಯೇ ಎದ್ದುಬರುತ್ತೇನೆಂದು ಗೊತ್ತಿತ್ತು. “ಓರಿನ್, ಅವತ್ತು ಫೋನ್ ಎರಡು ಸಲ ಬಂತು” ಎಂದೆ. “ಮೊದಲನೇದು ಮೂರು ಇಪ್ಪತ್ತನಾಲ್ಕಕ್ಕೆ. ನಿನ್ನ ಹೆಸರು ಹಾಕಿದ್ದು ಎರಡನೇದು ಬಂದ್ಮೇಲೆ. ಅಷ್ಟೊತ್ತಿಗೆ ಸೆಲ್ಮರ್ ತಲೆ ಕಾಣ್ತಿಲ್ಲ ಅಂತ ಟಿಲ್ಡಾ ಹೇಳಿದ್ಲು.”

ಚಾಕು ನಿಂತಿತು. ಆಲೂಗಡ್ಡೆಯನ್ನು ಮೇಜಿನ ಮೇಲಿಟ್ಟ.

“ಎಷ್ಟು ನಿಮಿಷ ನಡುವೆ?”

“ಹನ್ನೊಂದು.”

“ಹನ್ನೊಂದು” ಎಂದ. ತುಟಿ ಅಲ್ಲಾಡಿಸಿ ಏನೋ ಲೆಕ್ಕ ಹಾಕಿದ. “ಗುಸ್ತಾವ್ ಹತ್ತು ನಿಮಿಷ ಮಾತಾಡ್ದ ಅಂದ. ಹಾಗಾದ್ರೆ ನನ್ನ ಹೆಸರು ಬರೋ ಹೊತ್ತಿಗೆ ಅಣ್ಣ ಹೋಗಿದ್ದ.”

“ಹೌದು.”

“ನಾನು ಎದ್ದು ಓಡಿದ್ರೂ.”

“ಓಡಿದ್ರೂ ಅಷ್ಟೇ.”

ಅವನು ಎದ್ದು ನಲ್ಲಿ ಬಿಟ್ಟು ಕೈ ತೊಳೆದ, ಒರೆಸಿಕೊಂಡ, ಮತ್ತೆ ಬಂದು ಕೂತ. ಅತ್ತರೆ ಹೇಗೆ, ಬೈದರೆ ಹೇಗೆ ಎಂದು ದಾರಿಯುದ್ದಕ್ಕೂ ಎದೆ ಗಟ್ಟಿ ಮಾಡಿಕೊಂಡು ಬಂದಿದ್ದೆ. ಎರಡೂ ಆಗಲಿಲ್ಲ.

“ಆ ಹನ್ನೊಂದು ನಿಮಿಷ ನೀನೇನ್ ಮಾಡ್ತಿದ್ದೆ?”

ಅಪ್ಪನ ಕಟ್ಟಳೆ ಎನ್ನಬಹುದಿತ್ತು. ಅದೂ ಸುಳ್ಳಾಗುತ್ತಿರಲಿಲ್ಲ. “ಸಿನಿಮಾ ನೋಡ್ತಿದ್ದೆ” ಎಂದೆ. “ಮೇಲಿನ ಕಿಂಡಿಯಿಂದ.”

ಓರಿನ್ ಮೆಲ್ಲಗೆ ತಲೆಯಾಡಿಸಿದ. “ಇಬ್ರೂ ಅದನ್ನೇ ಮಾಡಿದ್ವಿ” ಎಂದ. “ಪರದೆ ಮೇಲೆ ನನ್ನ ಹೆಸರೊಂದೇ ಬಂತು.”

ನಾನು ಮುಖ ಮುಚ್ಚಿಕೊಂಡೆ. ನನ್ನ ಅಳು ನನಗೇ ಅಸಹ್ಯವಾಗಿ ಕೇಳಿಸಿತು. ಅವನು ತಡೆಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಅಳು ತಾನಾಗಿ ನಿಂತ ಮೇಲೆ ಕೇಳಿದ, “ಹೇಜಲ್ ಬುಧವಾರ ಬುಧವಾರ ಮಕ್ಕಳನ್ನ ಕರ್ಕೊಂಡು ಬರ್ತಿದ್ಲು ಅಲ್ವಾ?”

“ಬರ್ತಿದ್ಲು.”

“ಟಿಕೆಟ್ ನೀನೇ ಹರೀತಿದ್ದೆ.”

“ಹೌದು.”

“ಅವಳಿಗೆ ಒಂದು ಮಾತು ಹೇಳಿದ್ರೆ ಸಾಕಿತ್ತು ಆರ್ಡಿಸ್. ಊರಿಗೆ ಬೇಡ. ಅವಳು ಒಂದ್ಸಲ ತಿರುಗಿ ನೋಡಿದ್ರೆ ನಂಗೆ ಸಾಕಾಗ್ತಿತ್ತು.” ಅವನ ದನಿ ಏರಲಿಲ್ಲ. “ಅವಳು ಹೋಗಿ ಹದಿನೈದು ವರ್ಷ. ಗುಸ್ತಾವ್ ಹೋದ. ಲಾವೋನ್ ಹೋದ್ಲು. ಅಣ್ಣನ ಮಕ್ಕಳಿಬ್ರೂ ಹೋದ್ರು. ಹಿಂದಿನ ಸಾಲಲ್ಲಿ ಕೂತಿದ್ದೋರೆಲ್ಲ ಗುಡ್ಡದ ಮೇಲೆ ಮಲಗಿದ್ದಾರೆ. ನಾನು ಇದನ್ನ ಈಗ ಯಾರಿಗೆ ಹೇಳ್ಲಿ?”

“ನಾನು ಬರೀತೀನಿ” ಎಂದೆ. “ಪುಸ್ತಕದಲ್ಲಿ ಪೂರ್ತಿ ಬರೀತೀನಿ. ನನ್ನ ಹೆಸರು ಹಾಕಿ.”

“ಬೇಡ.”

“ಓರಿನ್, ಊರಿಗೆ ಗೊತ್ತಾಗ್ಲಿ.”

“ಊರಿಗೆ ಏನ್ ಗೊತ್ತಿದೆ ಈಗ?” ಎಂದ. “ಈಗಿನ ಹುಡುಗ್ರಿಗೆ ನಾನು ಹುಲ್ಲು ಕತ್ತರಿಸೋ ಯಂತ್ರ ರಿಪೇರಿ ಮಾಡೋ ತಾತ. ಅಷ್ಟೇ. ಅಷ್ಟಾಗೋಕೆ ಅರವತ್ತು ವರ್ಷ ಹಿಡೀತು ನಂಗೆ. ನೀನು ಬರೆದ್ರೆ ನಾನು ಮತ್ತೆ ಆ ಕುರ್ಚೀಲಿ ಕೂತೋನು ಆಗ್ತೀನಿ. ತಪ್ಪಿಲ್ಲ ಅಂತ ಓದಿದ್ರೂ ಕೂತಿದ್ದ ಅಂತ್ಲೇ ನ್ಯಾಪಕ ಇಟ್ಕೊಳ್ತಾರೆ. ಬರೀಬೇಡ.”

ಹೇಳಿಕೊಂಡು ಹಗುರಾಗುವ ಆಸೆ ನನಗಿತ್ತು. ಅದು ಅವನಿಗೂ ಕಂಡಿತೇನೋ. ಸುಲಿದ ಆಲೂಗಡ್ಡೆಯನ್ನು ಪಾತ್ರೆಗೆ ಹಾಕಿ ನೀರು ಬಿಟ್ಟ, ಒಲೆಯ ಮೇಲಿಟ್ಟ. ನನ್ನ ಕೋಟು ತಂದುಕೊಟ್ಟ, ಬಾಗಿಲು ತೆರೆದು ಹಿಡಿದ. “ಮೆಟ್ಟಿಲ ಮೇಲೆ ಮಂಜಿದೆ, ನೋಡ್ಕೊಂಡು ಇಳಿ” ಎಂದ. ಅಷ್ಟು ವರ್ಷದ ನಂಟಿಗೆ ಅದೇ ಕೊನೆಯ ಮಾತು.

ಪುಸ್ತಕದಲ್ಲಿ ಅವನು ಹೇಳಿದ ಹಾಗೆ ಅದನ್ನು ಬಿಟ್ಟು ಬರೆದೆ. ಗಾಜಿನ ಮಾತು ನಾಲ್ಕು ಸಾಲಿದೆ, ಓದಿದವರೆಲ್ಲ ನಗುತ್ತಾರೆ. ಬಿಡುಗಡೆಯ ದಿನ ಕೆಂಡ್ರಾ ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿ ಕೈಗೆ ಹೂಗುಚ್ಛ ಕೊಟ್ಟಳು, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಓರಿನ್ ಬಂದಿರಲಿಲ್ಲ. ಟಾಕೀಸು ಮುಚ್ಚಿದ ಮೇಲೆ ನಾವಿಬ್ಬರೂ ಶನಿವಾರ ಮಧ್ಯಾಹ್ನ ಕೆಫೆಯ ಕಿಟಕಿ ಪಕ್ಕ ಕೂರುತ್ತಿದ್ದೆವು. ಅದೂ ನಿಂತಿದೆ. ಅವನು ಈಗ ಬೆಳಗಿನ ಆರಕ್ಕೇ ಬಂದು, ಕಾಫಿ ಕುಡಿದು, ಯಾರೂ ಬರುವ ಮುಂಚೆ ಹೋಗುತ್ತಾನಂತೆ. ಕೆಫೆಯವಳು ನನ್ನನ್ನು ಕೇಳಿದಳು, ಅವನಿಗೆ ಮೈ ಹುಷಾರಿಲ್ಲವೇ, ಯಾರ ಜೊತೆಯೂ ಮಾತೇ ಆಡುವುದಿಲ್ಲವಲ್ಲ ಎಂದು. ಅವನು ಈ ಊರಲ್ಲಿ ಮಾತಾಡುತ್ತಿದ್ದದ್ದು ನನ್ನೊಬ್ಬಳ ಜೊತೆ. ಈಗ ಅದನ್ನೂ ನಾನೇ ಕಿತ್ತುಕೊಂಡೆ.